ಜೆಡ್4ರ ಚಕ್ರದ ನಡುವಿನ ಕ್ಯಾಪ್ ನಾಲ್ಕೂ ಹಾಳಾಗಿದೆ, ಕಡಿಮೆಯಲ್ಲಿ ಏನು ಮಾಡಬಹುದು?

ನೀರ್ಚಾಲಿನವ:
ಎಲ್ಲರಿಗೂ ನಮಸ್ಕಾರ. ಕಾಸರಗೋಡಿನ ಹತ್ತಿರ ನೀರ್ಚಾಲಿನ ನಮ್ಮ ಮನೆಯಲ್ಲಿ 2011ರ ಬಿಎಂಡಬ್ಲ್ಯೂ ಜೆಡ್4 ಉಂಟು. ಇ89 ಮಾಡೆಲ್, ಎರಡೇ ಸೀಟು, ಗಟ್ಟಿ ಮಾಡು (ಛಾವಣಿ) ಮಡಚಿ ಡಿಕ್ಕಿಯೊಳಗೆ ಹೋಗುವಂಥದ್ದು. ಅಣ್ಣ ದುಬೈಯಿಂದ ರಜೆಯಲ್ಲಿ ಬಂದಾಗ ಬೆಂಗಳೂರಿನಲ್ಲಿ ಸೆಕೆಂಡ್ ಹ್ಯಾಂಡ್ ತೆಗೆದದ್ದು. ಅವನು ವರ್ಷಕ್ಕೆ ಒಂದು ತಿಂಗಳು ಬರ್ತಾನೆ, ಉಳಿದ ಹನ್ನೊಂದು ತಿಂಗಳು ನೋಡಿಕೊಳ್ಳುವುದು ನಾನು. ಇಂಜಿನು, ಗೇರು ಎಲ್ಲ ಒಳ್ಳೆಯದುಂಟು. ಮಂಡೆಬಿಸಿ ಇರುವುದು ಚಕ್ರದ ನಡುವಿನ ಆ ಉರುಟು ಕ್ಯಾಪಿಂದು.

ನಾಲ್ಕೂ ಹೋಗಿದೆ. ಎದುರಿನ ಎಡಬದಿಯದ್ದರಲ್ಲಿ ನೀಲಿ ಬಣ್ಣ ಮಾಸಿ ಬೂದಿ ಆಗಿದೆ. ಬಲಬದಿಯದ್ದರಲ್ಲಿ ಮೇಲಿನ ವಾರ್ನಿಷ್ ಗುಳ್ಳೆ ಎದ್ದು ಈರುಳ್ಳಿ ಸಿಪ್ಪೆಯ ಹಾಗೆ ಏಳ್ತಾ ಉಂಟು. ಉಗುರು ತಾಗಿದರೆ ಸಾಕು, ಚೂರು ಚೂರು ಬರ್ತದೆ. ಹಿಂದಿನ ಎರಡರಲ್ಲಿ ಅಕ್ಷರವೇ ಇಲ್ಲ, ಬೆಳ್ಳಿ ಬಿಲ್ಲೆ ಮಾತ್ರ ಉಳಿದಿದೆ, ಅದರ ಅಂಚಿನಲ್ಲಿ ಸುಣ್ಣದ ಹಾಗೆ ಬಿಳಿ ಪುಡಿ.

ಒಂದು ಕಡೆ ವಿಚಾರಿಸಿದೆ. ಒಂದಕ್ಕೆ ಎರಡು ಸಾವಿರಕ್ಕಿಂತ ಮೇಲೆ, ಕೂಲಿ ಸೇರಿ ನಾಲ್ಕಕ್ಕೆ ಹತ್ತಿರ ಹತ್ತಿರ ಒಂಬತ್ತು ಸಾವಿರ ಅಂದರು. ಆನ್‌ಲೈನಿನಲ್ಲಿ ನಾಲ್ಕರ ಸೆಟ್ಟು ನಾನೂರು ರೂಪಾಯಿಗೂ ಉಂಟು. ಇಷ್ಟು ಅಂತರ ಯಾಕೆ? ಮೇ ತಿಂಗಳಲ್ಲಿ ತಂಗಿಯ ಮದುವೆ, ಮದುಮಕ್ಕಳು ಈ ಕಾರಿನಲ್ಲೇ ಹೋಗಬೇಕು ಅಂತ ಅವಳ ಆಸೆ. ಅಷ್ಟರೊಳಗೆ ಸರಿ ಮಾಡಬೇಕು. ಗೊತ್ತಿದ್ದವರು ದಯವಿಟ್ಟು ಹೇಳಿ.

ಉಪ್ಪಳದ ಟಿಂಕರ್:
ಒಂದು ಕ್ಯಾಪ್ ಕಳಚಿ ಹಿಂಬದಿಯ ಫೋಟೋ ಹಾಕಿ. ಎದುರಿನ ಮುಖ ನೋಡಿ ಹೇಳ್ಲಿಕ್ಕೆ ಆಗುವಂಥದ್ದು ಏನೂ ಇಲ್ಲ.

ಮಂಜೇಶ್ವರ ಹದಿನಾಲ್ಕು:
ನಾನೂರರದ್ದು ತೆಗೊಳ್ಳಿ ಭಾಯ್. ಹಾಳಾದರೆ ಇನ್ನೊಂದು ಸೆಟ್ಟು. ಒಂಬತ್ತು ಸಾವಿರಕ್ಕೆ ಇಪ್ಪತ್ತು ಸಲ ಬದಲಿಸಬಹುದು.

ಕುಂಬಳೆ ಹೊಳೆಬದಿ:
ದಯವಿಟ್ಟು ಹಾಗೆ ಹೇಳಬೇಡಿ. ನನಗೆ ಅನುಭವ ಆದದ್ದು ಹೇಳ್ತೇನೆ.

ನನ್ನದು ಜೆಡ್4 ಅಲ್ಲ, ಹಳೆಯ ಬಿಎಂಡಬ್ಲ್ಯೂ 3 ಸೀರೀಸ್. ಅಂಥದ್ದೇ ಕಡಿಮೆ ರೇಟಿನ ಸೆಟ್ಟು ತರಿಸಿದೆ. ಡಬ್ಬಿ ಬಿಚ್ಚಿದಾಗ ಹೊಸ ನಾಣ್ಯದ ಹಾಗೆ ಫಳಫಳ. ಹಾಕುವಾಗ "ಟಕ್" ಅಂತ ಶಬ್ದ ಬರಬೇಕಿತ್ತು, ಬರಲಿಲ್ಲ. ಸುಮ್ಮನೆ ಒಳಗೆ ಕೂತಿತು. ನಾನು ಅಷ್ಟಕ್ಕೇ ಸಮಾಧಾನ ಮಾಡಿಕೊಂಡೆ. ಮೂರನೇ ದಿನ ಹೈವೇಯಲ್ಲಿ, ಅಗಲ ಮಾಡುವ ಕೆಲಸ ನಡೀತಿದ್ದ ಕಡೆ, ಡಾಂಬರು ಮುಗಿದು ಜಲ್ಲಿ ಶುರು ಆಗುವ ಆ ಮೆಟ್ಟಿಲಿನ ಹಾಗಿನ ಜಾಗದಲ್ಲಿ ಚಕ್ರ ಕುಕ್ಕಿತು. ಕನ್ನಡಿಯಲ್ಲಿ ನೋಡ್ತೇನೆ, ಏನೋ ಒಂದು ಬಿಲ್ಲೆ ಉರುಳಿಕೊಂಡು ಹೋಗಿ ಹಿಂದೆ ಬರ್ತಿದ್ದ ಸ್ಕೂಟರಿನ ಚಕ್ರದ ಪಕ್ಕದಲ್ಲೇ ಬಿತ್ತು. ಸ್ಕೂಟರಿನಲ್ಲಿ ಒಬ್ಬರು ಹೆಂಗಸು, ಮುಂದೆ ನಿಂತುಕೊಂಡು ಒಂದು ಮಗು. ಗಾಡಿ ಬದಿಗೆ ಹಾಕಿ ಅವರ ಹತ್ರ ಹೋಗಿ ಮಾತಾಡಿಸಿದೆ. ಅವರಿಗೆ ಏನೂ ಆಗಿರಲಿಲ್ಲ, ನನ್ನ ಕೈ ಮಾತ್ರ ನಡುಗ್ತಾ ಇತ್ತು. ಉಳಿದ ಮೂರನ್ನು ಅಲ್ಲಿಯೇ ಕೈಯಿಂದ ಎಳೆದೆ, ಮೂರೂ ಬಂತು. ಕೈಯಿಂದ ಎಳೆದರೆ ಬರುವ ಕ್ಯಾಪ್ ಚಕ್ರದಲ್ಲಿ ಇರಬಾರದು.

ಮಂಜೇಶ್ವರ ಹದಿನಾಲ್ಕು:
ಅಯ್ಯೋ. ಅದು ಯೋಚನೆ ಮಾಡಿರಲಿಲ್ಲ. ನನ್ನ ಮಾತು ವಾಪಸ್.

ಅಳತೆಗಾರ:
ಕುಂಬಳೆಯವರು ಹೇಳಿದ್ದಕ್ಕೆ ಕಾರಣ ಹೆಚ್ಚಾಗಿ ಕ್ಲಿಪ್ಪಿನ ಅಳತೆ. ಅಂಗಡಿಯವರು ಒಂದೇ ಅಳತೆ ಹೇಳ್ತಾರೆ, ಆದರೆ ಕ್ಯಾಪಿಗೆ ಎರಡು ಅಳತೆ ಉಂಟು: ಎದುರಿನ ಮುಖದ ವ್ಯಾಸ, ಹಿಂದೆ ಕ್ಲಿಪ್ಪುಗಳ ಹೊರ ಅಂಚಿನ ವ್ಯಾಸ. ಮುಖ ಸರಿ ಇದ್ದು ಕ್ಲಿಪ್ ಒಂದು ಮಿಲಿಮೀಟರ್ ಕಮ್ಮಿ ಆದರೂ ಬೀಳ್ತದೆ, ಹೆಚ್ಚಾದರೆ ಹಾಕುವಾಗಲೇ ಮುರೀತದೆ. ಸ್ಕೇಲಿನಲ್ಲಿ ಅಳೆಯಬೇಡಿ, ವರ್ನಿಯರ್ (ಮಿಲಿಮೀಟರಿನ ಚೂರನ್ನೂ ಅಳೆಯುವ ಸಾಧನ) ಬೇಕು. ಐಟಿಐಗೆ ಹೋದ ಹುಡುಗರು ಯಾರಾದ್ರೂ ಹತ್ತಿರ ಇದ್ದರೆ ಅವರ ಹತ್ರ ಇರ್ತದೆ.

ಇ89ಕ್ಕೆ ಮುಖ 68 ಮಿ.ಮೀ. ಇತ್ತೀಚಿನ ಬಿಎಂಡಬ್ಲ್ಯೂಗಳಲ್ಲಿ 56 ಮಿ.ಮೀ. ಸಹ ಬಂದಿದೆ, ಅದು ನಿಮಗೆ ಆಗುವುದಿಲ್ಲ. ಮರ್ಸಿಡಿಸ್‌ನದ್ದು ಸಾಮಾನ್ಯವಾಗಿ 75, ಪೋರ್ಷೆಯದ್ದು 76. ಎಲ್ಲವೂ ದೂರದಿಂದ ನೋಡಿದರೆ ಒಂದೇ ಹಾಗೆ ಕಾಣ್ತದೆ. ಇನ್ನೊಂದು ಮಾತು: 72.6 ಅಂತ ಎಲ್ಲಾದರೂ ನೋಡಿದರೆ ಅದು ಕ್ಯಾಪಿಂದಲ್ಲ, ಚಕ್ರ ಹಬ್ಬಿನ (ಚಕ್ರವನ್ನು ಬೋಲ್ಟ್ ಹಾಕಿ ಕೂರಿಸುವ ಕಬ್ಬಿಣದ ನಡುಭಾಗ) ಮೇಲೆ ಕೂರುವ ತೂತಿನ ಅಳತೆ. ಅದನ್ನು ನೋಡಿ ಕ್ಯಾಪ್ ತರಿಸಿ ಮೋಸ ಹೋದವರನ್ನು ಕಂಡಿದ್ದೇನೆ.

ನೀರ್ಚಾಲಿನವ:
ಕುಂಬಳೆಯವರದ್ದು ಓದಿ ಹೆದರಿಕೆ ಆಯ್ತು. ನಾನೂರರದ್ದು ಬೇಡವೇ ಬೇಡ. ಹಿಂಬದಿಯ ಫೋಟೋಕ್ಕೆ ಅಂತ ಇವತ್ತು ಬೆಳಿಗ್ಗೆ ಸ್ಕ್ರೂಡ್ರೈವರ್ ಹಾಕಿ ಎಬ್ಬಿಸ್ಲಿಕ್ಕೆ ನೋಡಿದೆ. ಕ್ಯಾಪ್ ಬರಲಿಲ್ಲ, ಅಲಾಯ್‌ಗೆ (ಅಲ್ಯೂಮಿನಿಯಂ ಮಿಶ್ರಲೋಹದ ಚಕ್ರಕ್ಕೆ) ಒಂದು ಗೀರು ಬಿತ್ತು.

ಉಪ್ಪಳದ ಟಿಂಕರ್:
ನಿಲ್ಲಿಸಿ ಮಾರಾಯ್ರೆ, ಸ್ಕ್ರೂಡ್ರೈವರ್ ಅಲ್ಲಿಗೆ ತರಲೇಬಾರದು. ಮೂವತ್ತು ವರ್ಷದಿಂದ ಈ ಕೆಲಸದಲ್ಲಿದ್ದೇನೆ, ಚಕ್ರ ಬಿಚ್ಚದೆ ಕ್ಯಾಪ್ ತೆಗೀಲಿಕ್ಕೆ ಹೋಗಿ ಅಲಾಯ್ ಹಾಳು ಮಾಡಿಕೊಂಡವರೇ ಹೆಚ್ಚು.

ಚಕ್ರ ಬಿಚ್ಚಿ. ಹಿಂದಿನಿಂದ ಹೆಬ್ಬೆರಳು ಹಾಕಿ, ಇಲ್ಲದಿದ್ದರೆ ಸುತ್ತಿಗೆಯ ಮರದ ಹಿಡಿಯಿಂದ, ಕ್ಲಿಪ್ಪುಗಳ ಹತ್ತಿರ ಸುತ್ತಲೂ ಸ್ವಲ್ಪ ಸ್ವಲ್ಪ ಒತ್ತಿ. ನಡುವಿಗೆ ಗುದ್ದಬೇಡಿ, ಬಿಲ್ಲೆ ಬಗ್ಗುತ್ತದೆ. ಹತ್ತು ಸೆಕೆಂಡಿನ ಕೆಲಸ.

ನಿಮ್ಮ ಕಾರು ರನ್‌ಫ್ಲಾಟ್ ಟಯರಿನದ್ದು (ಗಾಳಿ ಹೋದರೂ ಸ್ವಲ್ಪ ದೂರ ಓಡುವಂಥದ್ದು), ಸ್ಟೆಪ್ನಿ ಇಲ್ಲ, ಹಾಗಾಗಿ ಡಿಕ್ಕಿಯಲ್ಲಿ ಜಾಕಿಯೂ ಇರ್ಲಿಕ್ಕಿಲ್ಲ. ಬೇರೆ ಜಾಕಿ ತರುವುದಾದರೆ ಬಾಗಿಲಿನ ಕೆಳಗೆ ನಾಲ್ಕು ಮೂಲೆಯಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಒತ್ತುಗಳುಂಟು, ಅಲ್ಲಿಗೇ ಕೊಡಬೇಕು, ಬೇರೆ ಎಲ್ಲಿಗೂ ಅಲ್ಲ. ಅಂಗಳ ಮಣ್ಣಿನದ್ದಾದರೆ ಜಾಕಿಯ ಅಡಿಗೆ ದಪ್ಪ ಹಲಗೆ ಇಡಿ. ಒಂದು ಚಕ್ರ ಬಿಚ್ಚಿ, ಹಾಕಿ, ಆಮೇಲೆ ಇನ್ನೊಂದು. ನಾಲ್ಕೂ ಒಟ್ಟಿಗೆ ಬಿಚ್ಚಿ ಅಂಗಳದಲ್ಲಿ ಹರಡಿದರೆ ಎದುರಿನದ್ದು ಹಿಂದಿನದ್ದು ಅದಲು ಬದಲು ಆಗ್ತದೆ. 18 ಇಂಚಿನ ಸೆಟ್ಟಾದರೆ ಎದುರು 225/40, ಹಿಂದೆ 255/35, ಎರಡೂ ಬೇರೆ.

ಪೆರ್ಲದ ಅಕ್ಕ:
ಒಂದು ಮಾತು ಕೇಳ್ತೇನೆ, ಬೇಜಾರು ಮಾಡಬೇಡಿ. ಕ್ಯಾಪ್ ಇಲ್ಲದಿದ್ದರೆ ಕಾರು ಓಡುವುದಿಲ್ವಾ? ನಮ್ಮ ಮನೆಯ ಕಾರಿನಲ್ಲಿ ಮೂರು ವರ್ಷದಿಂದ ಎರಡು ಕ್ಯಾಪ್ ಇಲ್ಲ, ಏನೂ ಆಗಿಲ್ಲ. ಮದುವೆ ಮನೆಯಲ್ಲಿ ಖರ್ಚು ನೂರು ಇರ್ತದೆ. ಲೋಗೋ ಇಲ್ಲದ ಬರೀ ಕಪ್ಪು ಕ್ಯಾಪ್ ಹಾಕಿದರೆ ಚೆಂದವೇ ಕಾಣ್ತದಲ್ಲ?

ಉಪ್ಪಳದ ಟಿಂಕರ್:
ಓಡ್ತದೆ ಅಕ್ಕ. ಬೇರಿಂಗ್ ಬೇರೆಯೇ ಸೀಲ್ ಆಗಿ ಇರ್ತದೆ, ಕ್ಯಾಪ್ ಇಲ್ಲದ ಮಾತ್ರಕ್ಕೆ ಅದು ಹಾಳಾಗುವುದಿಲ್ಲ. ಆದರೆ ನಮ್ಮ ಊರಿನಲ್ಲಿ ವರ್ಷಕ್ಕೆ 3000 ಮಿಲಿಮೀಟರಿಗಿಂತ ಹೆಚ್ಚು ಮಳೆ. ಕ್ಯಾಪ್ ಇಲ್ಲದ ಚಕ್ರದ ನಡುವಿಗೆ ಕೆಸರು ನೀರು ನೇರ ಹೋಗ್ತದೆ, ಹಬ್ಬಿನ ಕಬ್ಬಿಣ ತುಕ್ಕು ಹಿಡಿದು ಅಲಾಯ್ ಚಕ್ರ ಅದಕ್ಕೆ ಕಚ್ಚಿಕೊಳ್ತದೆ. ಆಮೇಲೆ ಪಂಕ್ಚರ್ ಆದ ದಿವಸ ಬೋಲ್ಟು ಐದೂ ಬಿಚ್ಚಿದರೂ ಚಕ್ರ ಬರುವುದಿಲ್ಲ. ಒದ್ದು ತೆಗೆಯಬೇಕು. ನಿಮ್ಮ ಆ ಎರಡು ಚಕ್ರ ಒಮ್ಮೆ ಬಿಚ್ಚಿಸಿ ನೋಡಿ.

ಪೆರ್ಲದ ಅಕ್ಕ:
ಸರಿ, ಇದನ್ನು ಮನೆಯವರಿಗೆ ತೋರಿಸ್ತೇನೆ. ಆದರೆ ಕಪ್ಪು ಕ್ಯಾಪಿನ ಮಾತು ಬಿಡುವುದಿಲ್ಲ. ಅದು ಮಳೆಯನ್ನೂ ತಡೀತದೆ, ಹಣವೂ ಉಳೀತದೆ.

ಮುಳ್ಳೇರಿಯ ಮೇಷ್ಟ್ರು:
ಚರ್ಚೆ ಚೆನ್ನಾಗಿದೆ. ಕ್ಯಾಪಿಗೆ ನಮ್ಮಲ್ಲಿ ಶಬ್ದ ಇಲ್ಲವೇ ಅಂತ ಯೋಚಿಸ್ತಾ ಇದ್ದೆ. ಎತ್ತಿನ ಗಾಡಿಯ ಕಾಲದಲ್ಲಿ ಚಕ್ರ ಅಚ್ಚಿನಿಂದ ಜಾರದ ಹಾಗೆ ಹಾಕುತ್ತಿದ್ದದ್ದು ಕಡೆಗೀಲು. ಈ ಕ್ಯಾಪ್ ಕೂರುವುದು ಹೆಚ್ಚು ಕಡಿಮೆ ಅದೇ ಜಾಗದಲ್ಲಿ, ಆದರೆ ಕೆಲಸ ಬೇರೆ. ನಡುಮುಚ್ಚಳ ಅನ್ನಬಹುದೇನೋ.

ಅಂದ ಹಾಗೆ ಬಿಎಂಡಬ್ಲ್ಯೂದವರು ವಿಮಾನದ ಇಂಜಿನು ಮಾಡುತ್ತಿದ್ದವರು, ಆ ಲೋಗೋ ತಿರುಗುವ ಪ್ರೊಪೆಲ್ಲರಿನ ಚಿತ್ರ. ಹಾಗಾಗಿ ಬಣ್ಣ ಹೋದ ಲೋಗೋ ಇಟ್ಟುಕೊಳ್ಳುವುದಕ್ಕಿಂತ ಹೊಸತು ಹಾಕುವುದೇ ಸರಿ.

ಅಳತೆಗಾರ:
ಮೇಷ್ಟ್ರೇ, ವಿಮಾನದ ಇಂಜಿನು ಮಾಡುತ್ತಿದ್ದದ್ದು ನಿಜ. ಪ್ರೊಪೆಲ್ಲರ್ ಕಥೆ ಆಮೇಲೆ ಹುಟ್ಟಿದ್ದು. ಲೋಗೋ ನೋಂದಣಿ ಆದದ್ದು 1917ರಲ್ಲಿ. ಸುತ್ತಲಿನ ಕಪ್ಪು ಬಳೆ ಹಿಂದಿನ ರಾಪ್ ಕಂಪೆನಿಯ ಗುರುತಿನಿಂದ ಬಂತು, ನಡುವಿನ ನೀಲಿ ಬಿಳಿ ಬವೇರಿಯಾ ರಾಜ್ಯದ ಬಣ್ಣ. 1929ರ ಒಂದು ಜಾಹೀರಾತಿನಲ್ಲಿ ತಿರುಗುವ ಪ್ರೊಪೆಲ್ಲರಿನ ಮೇಲೆ ಆ ಲೋಗೋ ಇಟ್ಟರು, ಜನರ ಮನಸ್ಸಿನಲ್ಲಿ ಅದೇ ಕೂತಿತು.

ಮುಳ್ಳೇರಿಯ ಮೇಷ್ಟ್ರು:
ಮಕ್ಕಳಿಗೆ ತರಗತಿಯಲ್ಲಿ ಹೇಳಿಬಿಟ್ಟಿದ್ದೇನೆ. ನಾಳೆಯೇ ತಿದ್ದಿ ಹೇಳ್ತೇನೆ. ಧನ್ಯವಾದ.

ಹೊಸಂಗಡಿ ಸ್ಟಿಕ್ಕರ್:
ನಾನು ನಂಬರ್ ಪ್ಲೇಟು, ಬಸ್ಸಿನ ಹೆಸರು, ಆಟೋದ ಚಿತ್ರ ಎಲ್ಲ ಮಾಡುವವ. ಕ್ಯಾಪಿನ ಪ್ಲಾಸ್ಟಿಕ್ಕು, ಕ್ಲಿಪ್ಪು ಗಟ್ಟಿ ಇದ್ದರೆ ಇಡೀ ಕ್ಯಾಪ್ ಬದಲಿಸುವ ಅಗತ್ಯವೇ ಇಲ್ಲ. ಮುಖ ಮಾತ್ರ ಹೊಸತು ಮಾಡಬಹುದು. ಕೂದಲು ಒಣಗಿಸುವ ಡ್ರೈಯರ್ ಹಿಡಿದರೆ ಹಳೆಯ ಬಿಲ್ಲೆಯ ಅಂಟು ಮೆತ್ತಗಾಗ್ತದೆ, ನೈಲಾನ್ ದಾರ ಬಿಲ್ಲೆಯ ಅಡಿಗೆ ತೂರಿಸಿ ಗರಗಸದ ಹಾಗೆ ಆಚೆ ಈಚೆ ಎಳೆಯಿರಿ. ಉಳಿದ ಅಂಟನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಉಜ್ಜಿ ತೆಗೆದು, ಮೇಲೆ ರೆಸಿನ್ ಸುರಿದು ಉಬ್ಬಿಸಿದ ಸ್ಟಿಕ್ಕರ್ ಅಂಟಿಸುವುದು. ಬರೀ ವಿನೈಲ್ ಪ್ರಿಂಟ್ ಅಂಟಿಸಿದರೆ ಒಂದು ಬೇಸಗೆಗೆ ಬಣ್ಣ ಹೋಗ್ತದೆ. ರೆಸಿನ್‌ನದ್ದಾದರೆ ನೀರು ಒಳಗೆ ಹೋಗುವುದಿಲ್ಲ. ಅಂಟಿಸಿ ಒಂದು ದಿವಸ ಪೂರ್ತಿ ನೀರು ತಾಗಿಸಬಾರದು, ಇದು ಮುಖ್ಯ. ನಾಲ್ಕಕ್ಕೆ ಐನೂರು ಆರುನೂರರಲ್ಲಿ ಮುಗೀತದೆ.

ಕಡಲಬದಿ ಮೊಗ್ರಾಲ್:
ಇದೇ ಒಳ್ಳೆ ದಾರಿ. ನನ್ನ ಮತ ಇದಕ್ಕೆ.

ಕಾನೂನು ಓದುವವಳು:
ಒಂದು ಎಚ್ಚರಿಕೆ ಹೇಳಬೇಕು. ಬೇರೆಯವರ ಟ್ರೇಡ್‌ಮಾರ್ಕನ್ನು ಅನುಮತಿ ಇಲ್ಲದೆ ಛಾಪಿಸಿ ಮಾರುವುದು ಟ್ರೇಡ್ ಮಾರ್ಕ್ಸ್ ಕಾಯ್ದೆ 1999ರ ಪ್ರಕಾರ ಅಪರಾಧ. ನೀರ್ಚಾಲಿನವರು ತಮ್ಮ ಕಾರನ್ನು ಚೆಂದ ಮಾಡಿಕೊಳ್ಳುವ ವಿಷಯ ಅಲ್ಲ ಇದು, ಮಾಡಿ ಮಾರುವವರಿಗೆ ತೊಂದರೆ. ಹೊಸಂಗಡಿ ಅಣ್ಣ, ನಿಮ್ಮ ಅಂಗಡಿ ನಿಮ್ಮ ಅನ್ನ. ಆಟೋದ ಮೇಲೆ ಹೂವಿನ ಚಿತ್ರ ಬರೆಯುವುದು ಬೇರೆ, ಕಂಪೆನಿಯ ಲೋಗೋ ಪ್ರಿಂಟ್ ಮಾಡಿ ಮಾರುವುದು ಬೇರೆ.

ಹೊಸಂಗಡಿ ಸ್ಟಿಕ್ಕರ್:
ತಂಗಿ, ಊರಿನ ಎಲ್ಲ ಅಂಗಡಿಯಲ್ಲಿ ಮಾಡ್ತಾರೆ.

ಕಾನೂನು ಓದುವವಳು:
ಎಲ್ಲರೂ ಮಾಡ್ತಾರೆ ಅನ್ನುವುದು ಪೊಲೀಸರ ಎದುರು ಉತ್ತರ ಆಗುವುದಿಲ್ಲ ಅಣ್ಣ. ನಿಮ್ಮ ಮೇಲಿನ ಕಾಳಜಿಯಿಂದಲೇ ಹೇಳಿದ್ದು.

ಹೊಸಂಗಡಿ ಸ್ಟಿಕ್ಕರ್:
ಸರಿ, ಒಪ್ಪಿದೆ. ಹಾಗಾದರೆ ಲೋಗೋ ಬದಲು ಮನೆಯವರ ಇಷ್ಟದ ಬೇರೆ ಚಿತ್ರ ಮಾಡಿಕೊಡಬಹುದು. ಮದುವೆ ಕಾರು ಅಲ್ವಾ, ಮದುಮಕ್ಕಳ ಹೆಸರಿನ ಮೊದಲ ಅಕ್ಷರ ಕನ್ನಡದಲ್ಲಿ, ಚಿನ್ನದ ಬಣ್ಣದಲ್ಲಿ. ಅದಕ್ಕೆ ಯಾರ ಅನುಮತಿಯೂ ಬೇಡ.

ಪೆರ್ಲದ ಅಕ್ಕ:
ಇದು ಬಹಳ ಚೆಂದದ ಯೋಚನೆ!

ಪ್ರಿಂಟರ್ ಹುಡುಗ:
3ಡಿ ಪ್ರಿಂಟಿಂಗ್ ಬಗ್ಗೆ ಯಾರೂ ಹೇಳಲಿಲ್ಲ. ನಮ್ಮ ಕಾಲೇಜಿನಲ್ಲಿ ಪ್ರಿಂಟರ್ ಉಂಟು. ಒಂದು ಕ್ಯಾಪಿಗೆ ಸಾಮಾನಿನ ಖರ್ಚು ಐವತ್ತು ರೂಪಾಯಿಯೂ ಬರುವುದಿಲ್ಲ. ಅಳತೆ ಕೊಟ್ಟರೆ ಮಾಡಿ ಕೊಡ್ತೇನೆ.

ಅಳತೆಗಾರ:
ಯಾವ ಪ್ಲಾಸ್ಟಿಕ್ಕಿನಲ್ಲಿ ತಮ್ಮ?

ಪ್ರಿಂಟರ್ ಹುಡುಗ:
ಪಿಎಲ್ಎ. ಕಾಲೇಜಿನಲ್ಲಿ ಅದೇ ಇರುವುದು.

ಅಳತೆಗಾರ:
ಪಿಎಲ್ಎ 60 ಡಿಗ್ರಿ ಹತ್ತಿರ ಬಂದರೆ ಮೆತ್ತಗಾಗ್ತದೆ. ಸಂಪಾಜೆ ಘಾಟಿ ಇಳಿದು ಬಂದ ಕಾರಿನ ಚಕ್ರದ ನಡುವಿಗೆ ಕೈ ಇಟ್ಟು ನೋಡು, ಹೆಚ್ಚು ಹೊತ್ತು ಇಡ್ಲಿಕ್ಕೆ ಆಗುವುದಿಲ್ಲ. ಕ್ಲಿಪ್ಪು ಮೆತ್ತಗಾಯ್ತು ಅಂದರೆ ಮತ್ತೆ ಕುಂಬಳೆಯವರ ಕಥೆಯೇ. ಎಬಿಎಸ್ ಅಥವಾ ಎಎಸ್ಎ ಪ್ಲಾಸ್ಟಿಕ್ಕು ಆದರೆ ನೂರು ಡಿಗ್ರಿಯ ಆಚೀಚೆ ತಡೀತದೆ. ಎಎಸ್ಎ ಬಿಸಿಲಿಗೂ ಒಳ್ಳೆಯದು. ಇನ್ನೊಂದು, ಪದರ ಪದರವಾಗಿ ಪ್ರಿಂಟ್ ಮಾಡುವಾಗ ಕ್ಲಿಪ್ಪು ನಿಂತ ಹಾಗೆ ಬಂದರೆ ಪದರದಲ್ಲೇ ಮುರೀತದೆ. ಕೆಲಸ ಕಲೀಲಿಕ್ಕೆ ಖಂಡಿತ ಮಾಡು. ರಸ್ತೆಗೆ ಹಾಕ್ಲಿಕ್ಕೆ ಈಗ ಬೇಡ.

ಶಾರ್ಜಾದಲ್ಲಿ ಪೆರ್ಲ:
ತಡವಾಗಿ ನೋಡಿದೆ. ಇಷ್ಟು ಹೊತ್ತು ಎಲ್ಲರೂ "ಜೆಡ್4ರ ಕ್ಯಾಪ್" ಅಂತಲೇ ಹುಡುಕ್ತಾ ಇದ್ದೀರಿ, ತಪ್ಪು ಆಗುವುದು ಅಲ್ಲಿಯೇ. ಸ್ಪೋರ್ಟ್ಸ್ ಕಾರಿನದ್ದು ಅಂತ ಕೇಳಿದ ಕೂಡಲೇ ರೇಟು ಬೇರೆ ಹೇಳ್ತಾರೆ, ಅಥವಾ ಇಲ್ಲ ಅಂತಾರೆ. ಜೆಡ್4ಕ್ಕೆ ಅಂತ ಬೇರೆ ಕ್ಯಾಪ್ ಇಲ್ಲವೇ ಇಲ್ಲ! ಆ ಕಾಲದ 3 ಸೀರೀಸ್, 5 ಸೀರೀಸ್, ಎಕ್ಸ್1 ಎಲ್ಲದರಲ್ಲೂ ಅದೇ 68 ಮಿಲಿಮೀಟರಿನ ಕ್ಯಾಪ್. ಹಿಂಬದಿಯಲ್ಲಿ 6 783 536 ಅಂತ ಅಚ್ಚು ಇರ್ತದೆ ನೋಡಿ. ಪೂರ್ತಿ ನಂಬರ್ 36 13 6 783 536. ಆ ನಂಬರ್ ಇದ್ದದ್ದು ಯಾವ ಕಾರಿನಿಂದ ಬಂದರೂ ನಿಮ್ಮ ಚಕ್ರಕ್ಕೆ ಕೂರ್ತದೆ.

ಜೆಡ್4 ನಮ್ಮ ಕಡೆ ಎಷ್ಟು ಉಂಟು? ಲೆಕ್ಕ ಹಾಕಿದರೆ ಬೆರಳು ಸಾಕು. ಆದರೆ 3 ಸೀರೀಸ್ ಮಂಗಳೂರಿನಲ್ಲಿ ಎಷ್ಟು ಬೇಕು? ಅದರಲ್ಲಿ ದೊಡ್ಡ ಅಲಾಯ್ ಹಾಕಿಸಿಕೊಂಡು ಹಳೆಯ ಚಕ್ರ ಮನೆಯ ಹಿಂದೆ ಎಸೆದವರು ಎಷ್ಟೋ ಜನ. ಆ ಚಕ್ರದಲ್ಲಿ ಕ್ಯಾಪ್ ಇರ್ತದೆ, ಕಂಪೆನಿಯದ್ದೇ. ಟಯರ್ ಅಂಗಡಿಗಳಲ್ಲಿ ಕೇಳಿ. ಬೆಂಗಳೂರಿಗೆ ಹೋಗುವವರಿದ್ದರೆ ಜೆ.ಸಿ. ರಸ್ತೆ, ಶಿವಾಜಿನಗರ. ಚೆನ್ನೈಯಾದರೆ ಪುದುಪೇಟೆ. ಇಲ್ಲಿ ಶಾರ್ಜಾದ ಇಂಡಸ್ಟ್ರಿಯಲ್ ಏರಿಯಾದಲ್ಲಿ ಹಳೆಯ ಕಾರು ಬಿಚ್ಚುವ ಯಾರ್ಡುಗಳೇ ಸಾಲು ಸಾಲು ಉಂಟು, ನಿಮ್ಮ ಅಣ್ಣನಿಗೆ ಒಂದು ದಿವಸ ಬಿಡುವು ಮಾಡ್ಲಿಕ್ಕೆ ಹೇಳಿ. ನಾಲ್ಕು ಕ್ಯಾಪ್ ಅಂದರೆ ಒಂದು ಪೊಟ್ಟಣ ಹಲ್ವದಷ್ಟು ಭಾರವೂ ಇಲ್ಲ.

ಯಾರ್ಡಿನಲ್ಲಿ ತೆಗೆಯುವಾಗ ಕ್ಲಿಪ್ಪು ಒಂದೊಂದನ್ನೂ ಬೆರಳಿನಿಂದ ಮೆಲ್ಲ ಒತ್ತಿ ನೋಡಬೇಕು. ಸ್ಪ್ರಿಂಗಿನ ಹಾಗೆ ವಾಪಸ್ ಬರಬೇಕು. ಬಿಳಿ ಗೆರೆ ಕಂಡರೆ ಅದು ಬಿರುಕು, ಬೇಡ ಅನ್ನಿ.

ಉಪ್ಪಳದ ಟಿಂಕರ್:
ಶಾರ್ಜಾದ ಇಚ್ಚ ಹೇಳಿದ್ದು ನೂರಕ್ಕೆ ನೂರು ಸರಿ. ನಾನು ಹಿಂಬದಿಯ ಫೋಟೋ ಕೇಳಿದ್ದು ಈ ನಂಬರಿಗೇ.

ಕಡಲಬದಿ ಮೊಗ್ರಾಲ್:
ಮದುವೆ ಫೋಟೋದಲ್ಲಿ ಲೋಗೋ ನಾಲ್ಕೂ ನೆಟ್ಟಗೆ ನಿಲ್ಲಬೇಕಾದರೆ? ರೋಲ್ಸ್ ರಾಯ್ಸ್‌ನಲ್ಲಿ ಚಕ್ರ ತಿರುಗಿದರೂ ಅಕ್ಷರ ನೆಟ್ಟಗೇ ಇರ್ತದಲ್ಲ.

ಅಳತೆಗಾರ:
ಅದರ ಒಳಗೆ ಬೇರಿಂಗ್, ಕೆಳಬದಿಗೆ ಭಾರ ಇರ್ತದೆ. ಹಾಗಿನದ್ದು ಬಿಎಂಡಬ್ಲ್ಯೂ ಕೂಡ ಬೇರೆಯಾಗಿ ಮಾರ್ತದೆ, ಆದರೆ ಕಡಿಮೆಯಲ್ಲಿ ಅಂತ ಶುರು ಮಾಡಿದ ಚರ್ಚೆಗೆ ಅದು ಹೊಂದುವುದಿಲ್ಲ. ಫೋಟೋ ತೆಗೆಯುವ ಮೊದಲು ಕಾರನ್ನು ಸ್ವಲ್ಪ ಹಿಂದೆ ಮುಂದೆ ಮಾಡಿದರೆ ಒಂದು ಚಕ್ರವಾದರೂ ನೆಟ್ಟಗೆ ಬರ್ತದೆ.

ನೀರ್ಚಾಲಿನವ:
ಇವತ್ತು ಪಕ್ಕದ ಮನೆಯ ಭಾವನ ಜಾಕಿ ತಂದು ಎದುರಿನ ಎಡ ಚಕ್ರ ಬಿಚ್ಚಿದೆ. ಟಿಂಕರಣ್ಣ ಹೇಳಿದ ಹಾಗೆ ಹಿಂದಿನಿಂದ ಒತ್ತಿದೆ, ಬಂತು! ಹಿಂಬದಿಯ ಕೆಸರು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತೊಳೆದಾಗ ನಂಬರ್ ಕಂಡಿತು: 6 783 536. ಶಾರ್ಜಾದವರಿಗೆ ಕೈ ಮುಗಿದೆ. ಹಬ್ಬಿನ ಸುತ್ತ ಕೆಂಪು ತುಕ್ಕು ಚಕ್ಕೆ ಚಕ್ಕೆ ಎದ್ದಿತ್ತು, ಅದರ ಫೋಟೋ ಸಹ ಹಾಕಿದ್ದೇನೆ.

ಅಡಿಕೆ ಬದಿಯಡ್ಕ:
ಫೋಟೋ ದೊಡ್ಡದು ಮಾಡಿ ನೋಡಿದೆ. ಬಿಲ್ಲೆಯ ಅಂಚಿನಲ್ಲಿ ಬಿಳಿ ಪುಡಿಯ ನಡುವೆ ನೀಲಿ ಹಸಿರು ಬಣ್ಣದ ಚುಕ್ಕೆ ಉಂಟಲ್ಲ, ಅದು ಲೋಗೋದ ನೀಲಿ ಅಲ್ಲ. ಭಾವ, ಕಾರು ಎಲ್ಲಿ ನಿಲ್ಲಿಸುವುದು ನೀವು?

ನೀರ್ಚಾಲಿನವ:
ಅಡಿಕೆ ಅಂಗಳದ ಬದಿಯ ಶೆಡ್ಡಿನಲ್ಲಿ. ಮಳೆಗಾಲದಲ್ಲಿ ಪೂರ್ತಿ ಅಲ್ಲಿಯೇ ಇತ್ತು. ಯಾಕೆ?

ಅಡಿಕೆ ಬದಿಯಡ್ಕ:
ಮದ್ದಿನ ಡ್ರಮ್ಮು ಅದೇ ಶೆಡ್ಡಿನಲ್ಲಿ ಉಂಟಾ?

ನೀರ್ಚಾಲಿನವ:
ಉಂಟು. ಡ್ರಮ್ಮು, ಪಂಪು, ಪೈಪು, ಎಲ್ಲ. ಪೈಪು ತೊಳೆದ ನೀರು ಹೋಗುವುದು ಕಾರಿನ ಎದುರಿನಿಂದಲೇ.

ಅಡಿಕೆ ಬದಿಯಡ್ಕ:
ಹಾಗಾದರೆ ಇಷ್ಟು ಬೇಗ ನಾಲ್ಕೂ ಹೋದದ್ದಕ್ಕೆ ಕಾರಣ ಅದೇ. ಅಡಿಕೆಯ ಕೊಳೆರೋಗಕ್ಕೆ ನಾವು ಬಿಡುವ ಮದ್ದು ಏನು? ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಮೈಲುತುತ್ತು ಅಂದರೆ ತಾಮ್ರದ ಸಲ್ಫೇಟ್. ಅದನ್ನು ಕಬ್ಬಿಣದ ಪಾತ್ರೆಯಲ್ಲಿ ಕಲಸಬಾರದು ಅಂತ ಅಜ್ಜನ ಕಾಲದಿಂದ ಹೇಳ್ತಾರೆ. ಮದ್ದು ಹದ ಆಯ್ತಾ ಅಂತ ನೋಡ್ಲಿಕ್ಕೆ ಹೊಳೆಯುವ ಚೂರಿ ಅದ್ದುತ್ತೇವಲ್ಲ, ಚೂರಿಗೆ ಕೆಂಪು ಹಿಡಿದರೆ ಸುಣ್ಣ ಸಾಲದು ಅಂತ ಲೆಕ್ಕ. ಆ ಕೆಂಪು ತಾಮ್ರ, ಕಬ್ಬಿಣದ ಮೇಲೆ ಬಂದು ಕೂತದ್ದು. ಕ್ಯಾಪಿನ ಬಿಲ್ಲೆ ಅಲ್ಯೂಮಿನಿಯಮ್ಮಿನದ್ದು, ಅದಕ್ಕೂ ಹಾಗೆಯೇ, ಇನ್ನೂ ಜೋರು. ತಾಮ್ರದ ಒಂದು ಚುಕ್ಕೆ ಕೂತರೆ ಅದರ ಸುತ್ತ ಅಲ್ಯೂಮಿನಿಯಂ ಕರಗಿ ಗುಳಿ ಬೀಳ್ತದೆ. ಸುಣ್ಣದ ನೀರೂ ಅಲ್ಯೂಮಿನಿಯಮ್ಮನ್ನು ತಿನ್ನುತ್ತದೆ. ವಾರ್ನಿಷ್ ಒಂದು ಕಡೆ ಬಿರಿದರೆ ಸಾಕು, ಒಳಗಿನಿಂದಲೇ ಎಬ್ಬಿಸಿಕೊಂಡು ಹೋಗ್ತದೆ. ನಮ್ಮ ಶೆಡ್ಡಿನಲ್ಲಿದ್ದ ಅಲ್ಯೂಮಿನಿಯಂ ಏಣಿಯ ಕೆಳಗಿನ ಎರಡು ಮೆಟ್ಟಿಲು ಹೀಗೆಯೇ ಹೋದದ್ದು.

ಕಡಲಬದಿ ಮೊಗ್ರಾಲ್:
ನಾನು ಒಪ್ಪುವುದಿಲ್ಲ. ನಮ್ಮಲ್ಲಿ ಅಡಿಕೆ ಇಲ್ಲ, ಮದ್ದೂ ಇಲ್ಲ, ಕಡಲು ಇನ್ನೂರು ಮೀಟರ್ ದೂರ. ನನ್ನ ಕಾರಿನ ಕ್ಯಾಪೂ ಹೀಗೆಯೇ ಬಿಳಿ ಪುಡಿ ಬಂದು ಹೋಯ್ತು. ಉಪ್ಪುಗಾಳಿಯೇ ಕಾರಣ.

ಅಡಿಕೆ ಬದಿಯಡ್ಕ:
ನಿಮಗೆ ಉಪ್ಪು ಇರಬಹುದು. ನೀರ್ಚಾಲಿಗೆ ಕಡಲು ಎಷ್ಟು ದೂರ? ಮತ್ತೆ ಆ ಹಸಿರು ಚುಕ್ಕೆ ಉಪ್ಪಿನಿಂದ ಬರುವುದಿಲ್ಲ.

ಕುಂಬಳೆ ಹೊಳೆಬದಿ:
ಇನ್ನೊಂದು ಸಾಧ್ಯತೆ, ವಾಶಿಂಗ್ ಸೆಂಟರ್. ಕೆಲವು ಕಡೆ ಅಲಾಯ್ ಬೇಗ ಹೊಳೆಯಲಿ ಅಂತ ಆಸಿಡ್ ಇರುವ ಕ್ಲೀನರ್ ಹೊಡೀತಾರೆ, ಮತ್ತೆ ಜೋರಿನ ನೀರನ್ನು ಅರ್ಧ ಅಡಿ ದೂರದಿಂದ ನೇರ ಕ್ಯಾಪಿಗೇ ಬಿಡ್ತಾರೆ. ವಾರ್ನಿಷ್ ಎದ್ದದ್ದು ಅದರಿಂದ, ಪುಡಿ ಬಂದದ್ದು ಮದ್ದಿನಿಂದ ಇರಬಹುದು.

ಅಡಿಕೆ ಬದಿಯಡ್ಕ:
ಅದು ಹೊಂದಿಕೆ ಆಗ್ತದೆ. ಏನೇ ಆಗಲಿ, ಹೊಸ ಕ್ಯಾಪ್ ಹಾಕುವ ಮೊದಲು ಡ್ರಮ್ಮನ್ನೋ ಕಾರನ್ನೋ ಅಲ್ಲಿಂದ ತೆಗೆಯಿರಿ. ಮುಂದಿನ ಮದ್ದು ಮಳೆ ಹಿಡಿಯುವ ಮೊದಲೇ ಉಂಟಲ್ಲ.

ನೀರ್ಚಾಲಿನವ:
ಅಪ್ಪನಿಗೆ ಇದನ್ನು ಓದಿ ಹೇಳಿದೆ. ಏನೂ ಮಾತಾಡದೆ ಶೆಡ್ಡಿಗೆ ಹೋಗಿ ನೋಡಿದರು. ಕಾರು ನಿಲ್ಲುವ ಜಾಗದಲ್ಲಿ ಸಿಮೆಂಟಿನ ಮೇಲೆ ತಿಳಿ ನೀಲಿ ಕಲೆ, ಸರಿಯಾಗಿ ಎದುರಿನ ಚಕ್ರದ ಹತ್ರ. ಡ್ರಮ್ಮು ನಿನ್ನೆ ಸಂಜೆಯೇ ಹಟ್ಟಿಯ ಆಚೆ ಬದಿಗೆ ಹೋಯ್ತು.

ನೀರ್ಚಾಲಿನವ:
ಹದಿನೈದು ದಿವಸ ಆಯ್ತು, ಈಗ ಸುದ್ದಿ ಹೇಳ್ತೇನೆ. ಅಣ್ಣನಿಗೆ ಶಾರ್ಜಾಕ್ಕೆ ಹೋಗ್ಲಿಕ್ಕೆ ರಜೆ ಸಿಗಲಿಲ್ಲ. ಮಂಗಳೂರಿನಲ್ಲಿ ಟಯರ್ ಅಂಗಡಿಗಳಿಗೆ ನಂಬರ್ ಬರೆದ ಚೀಟಿ ಹಿಡಿದುಕೊಂಡು ಹೋದೆ. ಎರಡು ಕಡೆ ಇಲ್ಲ ಅಂದರು. ಮೂರನೆಯ ಕಡೆ, ಒಬ್ಬರು 3 ಸೀರೀಸಿನ ಹಳೆಯ 16 ಇಂಚಿನ ಚಕ್ರ ನಾಲ್ಕು ಕೊಟ್ಟು ಹೋಗಿದ್ದರು, ಎರಡಕ್ಕೆ ಬಾಗು ಬಂದು ಗುಜರಿಗೆ ಹೋಗುವಂಥದ್ದು. ಕ್ಯಾಪ್ ನಾಲ್ಕೂ ಅದರಲ್ಲೇ ಇತ್ತು. ನಾನು ಜೆಡ್4 ಅಂತ ಹೇಳಲೇ ಇಲ್ಲ, ನಂಬರ್ ಮಾತ್ರ ತೋರಿಸಿದೆ. ನಾಲ್ಕಕ್ಕೆ ಸಾವಿರದ ಇನ್ನೂರು. ಒಂದರಲ್ಲಿ ಸಣ್ಣ ಗೀರು ಉಂಟು, ಅದನ್ನು ಹಿಂದಿನ ಬಲಬದಿಗೆ ಹಾಕಿದೆ.

ಹಾಕುವ ಮೊದಲು ಹಬ್ಬಿನ ತುಕ್ಕನ್ನು ತಂತಿ ಬ್ರಷ್ಷಿನಿಂದ ಉಜ್ಜಿ, ಚಕ್ರ ಕೂರುವ ಬಳೆಗೆ ಮಾತ್ರ ತೆಳ್ಳಗೆ ಆಂಟಿ ಸೀಜ್ ಪೇಸ್ಟ್ (ಲೋಹ ಲೋಹಕ್ಕೆ ಕಚ್ಚಿಕೊಳ್ಳದ ಹಾಗೆ ತಡೆಯುವಂಥದ್ದು) ಹಚ್ಚಿದೆ. ಕ್ಯಾಪನ್ನು ಅಂಗೈಯಿಂದ ಒತ್ತಿದಾಗ ನಾಲ್ಕೂ "ಟಕ್" ಅಂತು. ಕುಂಬಳೆಯವರನ್ನು ನೆನೆದು ನಾಲ್ಕನ್ನೂ ಉಗುರಿನಿಂದ ಎಳೆದು ನೋಡಿದೆ, ಅಲ್ಲಾಡಲಿಲ್ಲ.

ಉಪ್ಪಳದ ಟಿಂಕರ್:
ಪೇಸ್ಟ್ ಬೋಲ್ಟಿಗೆ ಹಚ್ಚಲಿಲ್ಲ ಅಲ್ವಾ? ಬೋಲ್ಟಿಗೆ ಹಚ್ಚಿದರೆ ಬಿಗಿಯ ಲೆಕ್ಕ ತಪ್ತದೆ. ಐವತ್ತು ಕಿಲೋಮೀಟರ್ ಓಡಿಸಿ ಒಮ್ಮೆ ಟಾರ್ಕ್ ಪಾನದಲ್ಲಿ (ಬಿಗಿಯನ್ನು ಅಳೆಯುವ ಸ್ಪ್ಯಾನರ್) ಬಿಗಿ ನೋಡಿ, ನಕ್ಷತ್ರದ ಹಾಗೆ ಒಂದು ಬಿಟ್ಟು ಒಂದು.

ನೀರ್ಚಾಲಿನವ:
ಬೋಲ್ಟಿಗೆ ಹಚ್ಚಲಿಲ್ಲ ಅಣ್ಣ. ನಾಳೆ ಮಧೂರಿಗೆ ಹೋಗಿ ಬರ್ಲಿಕ್ಕುಂಟು, ಬಂದ ಮೇಲೆ ನೋಡ್ತೇನೆ.

ಪೆರ್ಲದ ಅಕ್ಕ:
ನಮ್ಮ ಕಾರಿನ ಚಕ್ರ ಬಿಚ್ಚಿಸಿದೆವು. ಒಂದು ಸುಲಭದಲ್ಲಿ ಬಂತು, ಇನ್ನೊಂದಕ್ಕೆ ಅರ್ಧ ಗಂಟೆ ಬೇಕಾಯ್ತು. ಎರಡಕ್ಕೂ ಕಪ್ಪು ಕ್ಯಾಪ್ ಹಾಕಿಸಿದೆ. ನಿಮ್ಮ ತಂಗಿಗೆ ಶುಭವಾಗಲಿ.

ಹೊಸಂಗಡಿ ಸ್ಟಿಕ್ಕರ್:
ಹಳೆಯ ನಾಲ್ಕು ಕ್ಯಾಪ್ ಬಿಸಾಡಿದ್ರಾ? ಕ್ಲಿಪ್ಪು ಸರಿ ಇದ್ದರೆ ನನಗೆ ಬೇಕು. ನಿಮ್ಮ ತಂಗಿ ಮತ್ತೆ ಭಾವನ ಹೆಸರಿನ ಅಕ್ಷರ ಮಾಡಿ ಕೊಡ್ತೇನೆ, ಮದುವೆ ದಿವಸಕ್ಕೆ ಹಾಕಿ, ಮರುದಿನ ತೆಗೆದು ಇಟ್ಟುಕೊಳ್ಳಿ. ಹಣ ಬೇಡ.

ನೀರ್ಚಾಲಿನವ:
ಮೂರು ಉಂಟು. ಒಂದನ್ನು ಮೇಷ್ಟ್ರು ತರಗತಿಯಲ್ಲಿ ತೋರಿಸ್ಲಿಕ್ಕೆ ಅಂತ ಕೇಳಿದ್ದಾರೆ. ಮೇಷ್ಟ್ರೇ, ಮದುವೆ ಮುಗಿದ ಮೇಲೆ ಕೊಟ್ಟರೆ ಆಗಬಹುದಾ?

ಮುಳ್ಳೇರಿಯ ಮೇಷ್ಟ್ರು:
ಧಾರಾಳವಾಗಿ. ಶಾಲೆ ಶುರು ಆಗುವುದೇ ಜೂನಿನಲ್ಲಿ.